ಸತ್ತವರ ಮದುವೆಗೆ ಯಾರ ಸಹಿ ತರಲಿ?

ಮಾನ್ಯ ಕಂದಾಯ ಸಚಿವರಿಗೆ, ನೋಂದಣಿ ಮಹಾಪರಿವೀಕ್ಷಕರು ಮತ್ತು ಮುದ್ರಾಂಕಗಳ ಆಯುಕ್ತರಿಗೆ, ರಾಜ್ಯ ಪತ್ರಾಗಾರ ಇಲಾಖೆಯ ನಿರ್ದೇಶಕರಿಗೆ. ಹಾಗೆಯೇ ಅಟ್ಟದ ಮೇಲೆ ಹಳೇ ಟ್ರಂಕು ಇಟ್ಟುಕೊಂಡಿರುವ ಎಲ್ಲರಿಗೂ.

ವಿಷಯ: ಹಳೆಯ ವಿವಾಹ ದಾಖಲೆಗಳನ್ನು ಉಳಿಸುವ ಮತ್ತು ನೋಡಲು ಬಿಡುವ ಬಗ್ಗೆ.

ಮಾನ್ಯರೇ,

ಹಿಂದೂ ವಿವಾಹ ಕಾಯ್ದೆ, 1955ರ ಕಲಂ 8(4)ರಲ್ಲಿ ಗೊಂದಲ ಏನೂ ಇಲ್ಲ. ವಿವಾಹ ರಿಜಿಸ್ಟರು ಯುಕ್ತ ವೇಳೆಯಲ್ಲೆಲ್ಲ ಪರಿಶೀಲನೆಗೆ ತೆರೆದಿರಬೇಕು, ಅರ್ಜಿ ಹಾಕಿ ಶುಲ್ಕ ಕಟ್ಟಿದವರಿಗೆ ದೃಢೀಕೃತ ನಕಲು ಕೊಡಬೇಕು. ವಿಶೇಷ ವಿವಾಹ ಕಾಯ್ದೆ, 1954ರ ಕಲಂ 47 ಕೂಡ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. ಮದುವೆಯಾದವರೇ ಬಂದು ಕೌಂಟರಿನಲ್ಲಿ ನಿಲ್ಲಬೇಕು ಎಂಬ ಷರತ್ತು ಎರಡರಲ್ಲೂ ಇಲ್ಲ.

ನಾನು ವಕೀಲರೊಬ್ಬರ ಹತ್ತಿರ ಗುಮಾಸ್ತನಾಗಿದ್ದವನು. ಕೇಸಿನ ಕಟ್ಟುಗಳನ್ನು ಹೊತ್ತು ಹೊತ್ತು ಹಳೇ ಕಾಗದದ ಹುಚ್ಚು ಹಿಡಿಯಿತು. ಈಗ ಕೆಲಸ ಬಿಟ್ಟಮೇಲೆ, ಕೇಳಿಕೊಂಡು ಬಂದವರಿಗೆ ಅವರ ಮನೆತನದ ವಂಶಾವಳಿ ಹುಡುಕಿಕೊಡುತ್ತೇನೆ. ಕೆಲವರು ಇಲ್ಲಿಯವರೇ, ಕೆಲವರು ಅಮೆರಿಕ, ಸಿಂಗಪುರದಲ್ಲಿರುವವರ ಮಕ್ಕಳು. ಅಂಥ ಒಬ್ಬ ಹುಡುಗಿಯ ಅಜ್ಜ ಅಜ್ಜಿ ಐವತ್ತರ ದಶಕದಲ್ಲೇ ಮದುವೆ ನೋಂದಣಿ ಮಾಡಿಸಿದ್ದವರು. ಆ ಕಾಲಕ್ಕೆ ಅದು ದೊಡ್ಡ ಮಾತು. ನಕಲು ಕೇಳಲು ಒಂದು ತಾಲ್ಲೂಕಿನ ಉಪನೋಂದಣಾಧಿಕಾರಿ ಕಚೇರಿಗೆ ಹೋದೆ.

"ಮದುವೆ ಆದೋರು ಬಂದು ಸಹಿ ಹಾಕ್ಲಿ."

"ಇಬ್ಬರೂ ತೀರ್ಕೊಂಡಿದಾರೆ ಸ್ವಾಮಿ."

"ಹಂಗಾದ್ರೆ ವಂಶವೃಕ್ಷ ಮಾಡಿಸ್ಕೊಂಡು ಬನ್ನಿ."

ವಂಶವೃಕ್ಷಕ್ಕೆ ನಾಡಕಚೇರಿಗೆ ಹೋದರೆ, ಅಜ್ಜಿ ಈ ಅಜ್ಜನ ಹೆಂಡತಿಯೇ ಎನ್ನುವುದಕ್ಕೆ ದಾಖಲೆ ಏನಿದೆ ಎಂದರು. ದಾಖಲೆ ಉಪನೋಂದಣಾಧಿಕಾರಿ ಕಚೇರಿಯ ಬೀರುವಿನ ಕೆಳಗಿನ ಅರೆಯಲ್ಲಿ, ಗೋಡೆಯ ತೇವಕ್ಕೆ ಬೆನ್ನು ಕೊಟ್ಟುಕೊಂಡು ಕೂತಿತ್ತು. ಅದರ ಕೆಂಪು ಬಟ್ಟೆಯ ಬೈಂಡು ನನಗೆ ಕಾಣುತ್ತಲೂ ಇತ್ತು. ಆ ಗುಮಾಸ್ತರ ಮೇಲೆ ನನಗೆ ಸಿಟ್ಟಿಲ್ಲ. ಕೊಟ್ಟರೆ ಮೆಮೊ ಬಂದೀತು, ಕೊಡದಿದ್ದರೆ ಯಾರೂ ಕೇಳುವುದಿಲ್ಲ. ಆ ಕುರ್ಚಿಯಲ್ಲಿ ಕೂತರೆ ನಾನೂ ಕೊಡುತ್ತಿರಲಿಲ್ಲವೇನೋ. ಅದಕ್ಕೇ ಈ ಪತ್ರವನ್ನು ಕೌಂಟರಿಗೆ ಬರೆಯದೆ ನಿಮಗೆ ಬರೆಯುತ್ತಿದ್ದೇನೆ.

ವಂಶಾವಳಿ ಹುಡುಕುವುದು ಕೆಲಸವಿಲ್ಲದವರ ಚಟ ಎಂಬ ಭಾವನೆ ಕಚೇರಿಗಳಲ್ಲಿದೆ. ಪೌತಿ ಖಾತೆಗೆ ಅಲೆದ ಯಾವ ರೈತನೂ ಹಾಗೆ ಹೇಳುವುದಿಲ್ಲ. ತಾತನ ಹೆಸರಿನಲ್ಲೇ ಉಳಿದ ಪಹಣಿಯನ್ನು ಮೊಮ್ಮಗನ ಹೆಸರಿಗೆ ತರಬೇಕಾದರೆ, ತಾತನಿಗೆ ಎಷ್ಟು ಹೆಂಡಿರು, ಯಾರ ಹೊಟ್ಟೆಯಲ್ಲಿ ಯಾರು ಹುಟ್ಟಿದರು ಎಂಬುದು ಇತ್ಯರ್ಥವಾಗಲೇಬೇಕು. ಅದರ ಜೊತೆಗೆ ಕರ್ನಾಟಕದಲ್ಲಿ ಇನ್ನೊಂದು ಕಥೆ ನಡೆಯಿತು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ನಮ್ಮ ರಾಜ್ಯ ತಂದ ತಿದ್ದುಪಡಿ 1994ರ ಜುಲೈ 30ರಂದು ಜಾರಿಗೆ ಬಂತು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಪಾಲು ಎಂದಿತು. ಆದರೆ ಆ ದಿನಕ್ಕೆ ಮುಂಚೆ ಮದುವೆಯಾದವರಿಗೆ ಇಲ್ಲ ಎಂದಿತು. ಜುಲೈ 29ಕ್ಕೆ ತಾಳಿ ಬಿದ್ದರೆ ಪಾಲಿಲ್ಲ, ಆಗಸ್ಟಿನಲ್ಲಿ ಬಿದ್ದರೆ ಉಂಟು! 2005ರ ಸೆಪ್ಟೆಂಬರ್ 9ರ ಕೇಂದ್ರದ ತಿದ್ದುಪಡಿ ಈ ಭೇದವನ್ನು ತೆಗೆದುಹಾಕುವವರೆಗೂ, ಪಾಲಿನ ದಾವೆಗಳಲ್ಲಿ ಅಕ್ಕತಂಗಿಯರ ಮದುವೆಯ ತಾರೀಕೇ ಜಗಳದ ಮೂಲ. ಬೆಳ್ಳಿ ತಟ್ಟೆಯ ಕೆಳಗೆ ಮರೆತುಹೋಗಿದ್ದ ಲಗ್ನಪತ್ರಿಕೆಗಳು ನಿಶಾನೆ ಪಿ-3, ಪಿ-4 ಎಂದು ನಂಬರು ಹಾಕಿಸಿಕೊಂಡು ಕೋರ್ಟು ಹತ್ತಿದವು. ಎಷ್ಟೋ ಮನೆತನಗಳ ಮದುವೆಯ ಪುರಾವೆ ಇವತ್ತಿಗೂ ಇರುವುದು ಆ ದಾವೆಗಳ ಕಟ್ಟಿನಲ್ಲೇ.

ಅಸಲು ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಎಲ್ಲ ಮದುವೆಗಳ ನೋಂದಣಿ ಕಡ್ಡಾಯವೆಂಬ ರಾಜ್ಯದ ಕಾಯ್ದೆ 1976ರದ್ದು. ಯಾವ ಧರ್ಮದವರಾದರೂ ನೋಂದಣಿ ಮಾಡಿಸಲೇಬೇಕೆಂದು ಸುಪ್ರೀಂ ಕೋರ್ಟು ಎಲ್ಲ ರಾಜ್ಯಗಳಿಗೆ ಹೇಳಿದ್ದು 2006ರಲ್ಲಿ. ಅದಕ್ಕೆ ಹಿಂದಿನ ಮದುವೆಗಳಲ್ಲಿ ಬಹುಪಾಲು ಯಾವ ಸರ್ಕಾರಿ ಪುಸ್ತಕದಲ್ಲೂ ಇಲ್ಲ ಎಂದರೆ ಯಾರೂ ನನ್ನ ಜೊತೆ ವಾದಕ್ಕೆ ಬರಲಾರರು. ಹಾಗೆಂದು ಅವು ದಾಖಲಾಗಲೇ ಇಲ್ಲ ಅನ್ನುವಂತಿಲ್ಲ. ಬೇರೆ ಬೇರೆ ವೇಷದಲ್ಲಿ, ಬೇರೆ ಬೇರೆ ಕಪಾಟಿನಲ್ಲಿ ಕೂತಿವೆ. ಎಲ್ಲಿ ಏನಿದೆ ಎಂಬುದು ನಿಮಗೆ ತಿಳಿದಿದ್ದರೆ, ಯಾವುದನ್ನು ಉಳಿಸಬೇಕು, ಯಾವುದನ್ನು ತೋರಿಸಬೇಕು ಎನ್ನುವುದೂ ತಿಳಿಯುತ್ತದೆ.

ಲಗ್ನಪತ್ರಿಕೆಯಿಂದ ಶುರುಮಾಡೋಣ. "ರುಧಿರೋದ್ಗಾರಿ ಸಂವತ್ಸರದ ವೈಶಾಖ ಶುದ್ಧ ಪಂಚಮಿ" ಎಂದಷ್ಟೇ ಇರುವ ಪತ್ರಿಕೆ 1863ರದ್ದೂ ಆಗಬಹುದು, 1923ರದ್ದೂ ಆಗಬಹುದು, 1983ರದ್ದೂ ಆಗಬಹುದು. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುತ್ತದೆ. ಶಕ ವರ್ಷ ಕೊಟ್ಟಿದ್ದರೆ ಬಚಾವು: ಶಕ 1845 ಎಂದರೆ 1923–24. ಶಕ ಇಲ್ಲದಿದ್ದರೆ ವಾರ ನೋಡಬೇಕು. ಆ ತಿಥಿ ಬುಧವಾರ ಬಿದ್ದದ್ದು ಯಾವ ವರ್ಷ ಎಂದು ಪಂಚಾಂಗ ತೆಗೆದರೆ ಮೂರರಲ್ಲಿ ಒಂದೋ ಎರಡೋ ಸಾಮಾನ್ಯವಾಗಿ ಉದುರಿಹೋಗುತ್ತದೆ. ಕಲಬುರಗಿ, ರಾಯಚೂರು ಕಡೆಯ ಕಾಗದವಾದರೆ ಫಸಲಿ ವರ್ಷ ಇರುತ್ತದೆ, ಅದಕ್ಕೆ 590 ಕೂಡಿಸಿ ಒಂದು ವರ್ಷ ಆಚೀಚೆ ನೋಡಬೇಕು.

ಪತ್ರಿಕೆಯಲ್ಲಿ ವಧುವಿನ ತಂದೆ, ವರನ ತಂದೆ, ಅವರ ಊರು, ಕೆಲವದರಲ್ಲಿ ಗೋತ್ರ, ಎಲ್ಲ ಇರುತ್ತವೆ. ಹೆತ್ತ ತಾಯಂದಿರ ಹೆಸರು ಹಳೆಯದರಲ್ಲಿ ಕಾಣುವುದು ಕಡಿಮೆ. ಹೆಂಗಸರ ಕಡೆಯ ಬಳ್ಳಿ ಹಿಡಿಯಬೇಕಾದರೆ, ಮದುವೆಗೆ ಬಂದ ಉಡುಗೊರೆ ಬರೆದಿಡುವ ಮುಯ್ಯಿ ಪುಸ್ತಕಕ್ಕೇ ಬರಬೇಕು.

ಮುಯ್ಯಿ ಪುಸ್ತಕವನ್ನು ಯಾವ ಕಚೇರಿಯೂ ದಾಖಲೆ ಎಂದು ಎಣಿಸುವುದಿಲ್ಲ. ಉತ್ತರ ಕರ್ನಾಟಕದವರು ಆಯೇರಿ ಪಟ್ಟಿ ಎನ್ನುವುದೂ ಇದೇ ಜಾತಿಯದು. ನನ್ನ ಮುಂದೆ ಈಗ ಒಂದಿದೆ. ಉದ್ದನೆಯ ಅಂಗಡಿ ಲೆಕ್ಕದ ಪುಸ್ತಕ, ನಾಲ್ಕು ಮೂಲೆಗೂ ಅರಿಶಿನ, ಮೊದಲ ಸಾಲಿನಲ್ಲಿ ಶ್ರೀ, ಅದರ ಕೆಳಗೆ ಮನೆದೇವರ ಹೆಸರಿನಲ್ಲಿ ಒಂದೂಕಾಲು ರೂಪಾಯಿ. ಆಮೇಲೆ ಸೋದರಮಾವ, ಬಾಣಾವರ: ಸೀರೆ ಒಂದು, ಬೆಳ್ಳಿ ಕಾಲುಂಗುರ ಜೊತೆ. ತಿಪಟೂರು ದೊಡ್ಡಮ್ಮ: ಕಣ ಎರಡು, ಎಂಟಾಣೆ. ಅರಸೀಕೆರೆ ಚಿಕ್ಕತ್ತೆ: ಹಿತ್ತಾಳೆ ಚೊಂಬು. ಪಕ್ಕದಲ್ಲೇ ಬೇರೆ ಶಾಯಿಯಲ್ಲಿ "ತೀರಿಸಿದೆ" ಎಂದಿದೆ. ಆ ಚಿಕ್ಕತ್ತೆಯ ಮಗಳ ಮದುವೆಗೆ ಇವರು ಮರುಮುಯ್ಯಿ ಮಾಡಿದ್ದಾರೆ ಎಂದರ್ಥ. ಒಂದೇ ಸಾಲಿನಲ್ಲಿ ಎರಡು ಮದುವೆ! ಅಜ್ಜಿಯ ತವರು ಯಾವುದು, ಆಕೆಗೆ ಅಕ್ಕತಂಗಿಯರು ಎಷ್ಟು ಜನ, ಯಾವ ಊರಿಗೆ ಕೊಟ್ಟಿದ್ದರು ಎಂಬ ಪ್ರಶ್ನೆಗೆ ಇದಕ್ಕಿಂತ ಚೊಕ್ಕ ಉತ್ತರ ಕೊಡುವ ಕಾಗದವನ್ನು ನಾನು ನೋಡಿಲ್ಲ. ಮನೆ ಕೆಡವಿ ಕಟ್ಟುವಾಗ ಹಂಡೆ ಒಲೆಗೆ ಹೋಗುವುದು ಮಾತ್ರ ಇದೇ ಮೊದಲು.

ಹೆಸರಿನ ಪಜೀತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಎಷ್ಟೋ ಮನೆಗಳಲ್ಲಿ, ಅದರಲ್ಲೂ ಧಾರವಾಡದ ಕಡೆಯ ಬ್ರಾಹ್ಮಣರಲ್ಲಿ, ಕೊಂಕಣಿಗರಲ್ಲಿ, ಸೊಸೆ ಮನೆ ತುಂಬಿದ ದಿನ ತಟ್ಟೆಯ ಅಕ್ಕಿಯಲ್ಲಿ ಹೊಸ ಹೆಸರು ಬರೆದು ಕರೆಯುತ್ತಿದ್ದರು. ತವರಿನ ಕಾಗದದಲ್ಲಿ ಅಂಬಕ್ಕ, ಗಂಡನ ಮನೆಯ ಕಾಗದದಲ್ಲಿ ಲಕ್ಷ್ಮೀಬಾಯಿ. ಇವರಿಬ್ಬರೂ ಬೇರೆ ಬೇರೆ ಎಂದುಕೊಂಡು "ಎರಡನೇ ಹೆಂಡತಿ" ಎಂದು ವಂಶವೃಕ್ಷದಲ್ಲಿ ಹಾಕಿದವರಿದ್ದಾರೆ. ಇನ್ನು ಅಕ್ಕನ ಮಗಳನ್ನು ಮದುವೆಯಾಗುವ ನಮ್ಮ ಪದ್ಧತಿಯಂತೂ ಕಂಪ್ಯೂಟರಿನ ವಂಶವೃಕ್ಷಗಳನ್ನು ಕಂಗೆಡಿಸುತ್ತದೆ. ಅಳಿಯನೂ ತಮ್ಮನೂ ಒಬ್ಬನೇ ಹೇಗಾದ ಎಂದು ಸಾಫ್ಟ್‌ವೇರು ಕೆಂಪು ಗೆರೆ ಎಳೆಯುತ್ತದೆ. 1955ರ ಕಾಯ್ದೆ ಸೋದರಮಾವ–ಸೋದರಸೊಸೆಯ ಈ ಸಂಬಂಧವನ್ನು ನಿಷಿದ್ಧ ಪಟ್ಟಿಗೆ ಸೇರಿಸಿಯೂ, ರೂಢಿ ಇದ್ದ ಕಡೆ ಆಗಬಹುದು ಎಂದು ಬಿಟ್ಟುಕೊಟ್ಟಿದೆ.

ಇನ್ನೊಂದು ಎಡವಟ್ಟು ತಾರೀಕಿನದು. ಹಳೇ ಕಾಲದ ಮದುವೆಯ ದಿನಕ್ಕೂ ಸಂಸಾರ ಹೂಡಿದ ದಿನಕ್ಕೂ ನಡುವೆ ಐದಾರು ವರ್ಷ ಇರುತ್ತಿತ್ತು. ಪ್ರಸ್ತ ಆಗುವವರೆಗೆ ಹುಡುಗಿ ತವರಲ್ಲೇ. ಹಾಗಾಗಿ ಮದುವೆಯ ವರ್ಷಕ್ಕೆ ಒಂದು ಕೂಡಿಸಿ ಚೊಚ್ಚಲ ಮಗುವಿನ ವರ್ಷ ಊಹಿಸಿದರೆ ಲೆಕ್ಕ ದಾರಿ ತಪ್ಪುತ್ತದೆ. ಮೈಸೂರು ಸಂಸ್ಥಾನ 1894ರಲ್ಲೇ ಶಿಶುವಿವಾಹ ತಡೆಯುವ ರೆಗ್ಯುಲೇಷನ್ ತಂದಿತ್ತು. ಎಂಟು ತುಂಬದ ಹುಡುಗಿಗೆ ಮದುವೆ ಮಾಡುವಂತಿಲ್ಲ, ಐವತ್ತು ದಾಟಿದವನು ಹದಿನಾಲ್ಕು ತುಂಬದವಳನ್ನು ಕಟ್ಟಿಕೊಳ್ಳುವಂತಿಲ್ಲ. ಅದರಡಿ ನಡೆದ ಮೊಕದ್ದಮೆಗಳ ಕಾಗದಗಳಲ್ಲಿ ಸಿಗುವ ಕುಟುಂಬದ ವಿವರ ಯಾವ ಪುರೋಹಿತರ ಕಡತದಲ್ಲೂ ಸಿಗದು. ಬ್ರಿಟಿಷ್ ಆಳ್ವಿಕೆಯ ಜಿಲ್ಲೆಗಳಿಗೆ ಶಾರದಾ ಕಾಯ್ದೆ ಬಂದದ್ದು 1929ರಲ್ಲಿ, ಜಾರಿಯಾದದ್ದು 1930ರ ಏಪ್ರಿಲ್ 1ಕ್ಕೆ. ಆ ತಾರೀಕಿನೊಳಗೆ ಮುಗಿಸಿಬಿಡೋಣ ಎಂದು ದೇಶದ ತುಂಬ ಮಕ್ಕಳ ಮದುವೆಗಳು ಗಡಿಬಿಡಿಯಲ್ಲಿ ನಡೆದವು. ಆಮೇಲೂ ಕೆಲವರು ಆ ಕಾಯ್ದೆ ನಡೆಯದ ಸಂಸ್ಥಾನಗಳ ಗಡಿ ದಾಟಿ ಹೋಗಿ ಧಾರೆ ಎರೆದು ಬಂದರು. ನಿಮ್ಮ ಮನೆತನದ ಮದುವೆಯೊಂದು ಯಾರೂ ನೆಂಟರಿಲ್ಲದ ಊರಿನಲ್ಲಿ ನಡೆದಿದ್ದರೆ ಈ ಕಾರಣವನ್ನೂ ತಲೆಯಲ್ಲಿಟ್ಟುಕೊಳ್ಳಿ.

ನಿಮ್ಮ ಇಲಾಖೆಗೆ ನೇರವಾಗಿ ಸೇರಿದ್ದು ಕೂಡಿಕೆ, ಉಡಿಕೆ ಮತ್ತು ಸೋಡಪತ್ರದ ವಿಷಯ. ವಿಧವೆಯ ಮರುಮದುವೆಗೆ, ಬಿಟ್ಟು ಇನ್ನೊಬ್ಬನನ್ನು ಕಟ್ಟಿಕೊಳ್ಳುವುದಕ್ಕೆ ನಮ್ಮ ಎಷ್ಟೋ ಸಮುದಾಯಗಳಲ್ಲಿ ಮೊದಲಿನಿಂದಲೂ ದಾರಿ ಇತ್ತು. ಅದಕ್ಕೆ ಧಾರೆಯಿಲ್ಲ, ಲಗ್ನಪತ್ರಿಕೆಯಿಲ್ಲ. ಕುಲದ ಹಿರಿಯರ ಮುಂದೆ ಸೀರೆ ಉಡಿಸಿದರೆ ಆಯಿತು. ಬಿಡುವಾಗ ಸೋಡಚೀಟಿ ಬರೆದುಕೊಡುತ್ತಿದ್ದರು. 1955ರ ಕಾಯ್ದೆಯ ಕಲಂ 29(2) ಇಂಥ ರೂಢಿಯ ಬಿಡುಗಡೆಯನ್ನು ಇವತ್ತಿಗೂ ಮಾನ್ಯ ಮಾಡುತ್ತದೆ. 1856ರ ವಿಧವಾ ವಿವಾಹ ಕಾಯ್ದೆಯಲ್ಲಿ, ಮರುಮದುವೆಯಾದವಳು ಮೊದಲ ಗಂಡನ ಆಸ್ತಿಯ ಹಕ್ಕು ಕಳೆದುಕೊಳ್ಳುತ್ತಾಳೆ ಎಂಬ ಕಲಂ ಇತ್ತು. ರೂಢಿಯಲ್ಲೇ ಮರುಮದುವೆ ಇದ್ದ ಜಾತಿಗಳಿಗೂ ಅದು ಲಗಾವಾಗುತ್ತದೆಯೇ ಎಂಬ ಬಗ್ಗೆ ಹೈಕೋರ್ಟುಗಳಲ್ಲಿ ಒಮ್ಮತವಿರಲಿಲ್ಲ. ಜಗಳ ಬಂದಲ್ಲಿ ಸಾಕ್ಷಿ ಹೇಳಿಕೆ, ಹೇಳಿಕೆ ಇದ್ದಲ್ಲಿ ವಂಶಾವಳಿ. ಬಡವರ ಮನೆಯ ಹೆಂಗಸೊಬ್ಬಳ ಎರಡು ಮದುವೆ, ಮೂರು ಊರು, ಮಕ್ಕಳ ಹೆಸರು, ಎಲ್ಲವೂ ಒಂದೇ ಕಾಗದದಲ್ಲಿ ಸಿಗುವುದಿದ್ದರೆ ಇಂಥಲ್ಲೇ.

ಈ ಸೋಡಪತ್ರ, ಮದುವೆಯ ಕರಾರು, ಜೀವನಾಂಶದ ಒಪ್ಪಂದಗಳು ನೋಂದಣಿಯಾಗಿದ್ದರೆ ಎಲ್ಲಿರುತ್ತವೆ? ಉಪನೋಂದಣಾಧಿಕಾರಿ ಕಚೇರಿಯ 4ನೇ ಪುಸ್ತಕದಲ್ಲಿ. 1908ರ ನೋಂದಣಿ ಕಾಯ್ದೆಯ ಕಲಂ 57ರ ಪ್ರಕಾರ ಸ್ಥಿರಾಸ್ತಿಯ 1ನೇ ಪುಸ್ತಕವನ್ನು ಫೀ ಕಟ್ಟಿದ ಯಾರು ಬೇಕಾದರೂ ನೋಡಬಹುದು. ಉಯಿಲುಗಳ 3ನೇ ಪುಸ್ತಕದ ನಕಲು, ಬರೆದುಕೊಟ್ಟವನು ತೀರಿಕೊಂಡ ಮೇಲೆ, ಅರ್ಜಿ ಹಾಕಿದ ಯಾರಿಗಾದರೂ ಸಿಗುತ್ತದೆ. 4ನೇ ಪುಸ್ತಕದ್ದು ಮಾತ್ರ ಬರೆದುಕೊಟ್ಟವರಿಗೆ, ಅದರಡಿ ಹಕ್ಕು ಹೇಳುವವರಿಗೆ, ಇಲ್ಲವೆ ಅವರ ಪ್ರತಿನಿಧಿಗಳಿಗೆ. 1910ರಲ್ಲಿ ಸೋಡಪತ್ರ ಬರೆಸಿಕೊಂಡವಳ ಮರಿಮಗಳು ಯಾವ ಹಕ್ಕು ಹೇಳಬೇಕು? ಮುತ್ತಜ್ಜಿಯ ಬಿಡುಗಡೆಯಲ್ಲಿ ಆಕೆಗೆ ಪಾಲು ಬೇಕಿಲ್ಲ, ಮುತ್ತಜ್ಜಿಯ ಹೆಸರು ಬೇಕು. ನೋಂದಣಿ ಸಮವರ್ತಿ ಪಟ್ಟಿಯ ವಿಷಯ. ರಾಜ್ಯಗಳು ಈ ಕಾಯ್ದೆಗೆ ಎಷ್ಟೋ ತಿದ್ದುಪಡಿ ಮಾಡಿಕೊಂಡಿವೆ. ನೂರು ವರ್ಷ ದಾಟಿದ 4ನೇ ಪುಸ್ತಕಗಳಿಗೆ 3ನೇ ಪುಸ್ತಕದ ನಿಯಮ ಹಚ್ಚುವುದಕ್ಕೆ ಒಂದು ಸಾಲಿನ ತಿದ್ದುಪಡಿ ಸಾಕು.

ಕರಾವಳಿಯದು ಬೇರೆಯೇ ಲೋಕ. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದ ಮನೆತನಗಳಲ್ಲಿ ಬಳಿ (ಗೋತ್ರದಂಥದು) ತಾಯಿಯದು, ಕವರು (ಕುಟುಂಬದ ಕವಲು) ತಾಯಿಯದು, ಆಸ್ತಿಯ ಕಾಗದದಲ್ಲಿ ಗಂಡನೆಂಬವನ ಸುಳಿವೇ ಇರುವುದಿಲ್ಲ. ಹೊರಗಿನವರು ನೋಡಿದರೆ ಇಲ್ಲಿ ಯಾರಿಗೂ ಮದುವೆಯೇ ಆಗಿಲ್ಲವೇ ಎನ್ನಬೇಕು. ಹತ್ತೊಂಬತ್ತನೇ ಶತಮಾನದ ಮದ್ರಾಸ್ ಹೈಕೋರ್ಟು ಹಾಗೇ ಅಂದಿತು ಕೂಡ. ಊರು ಸೇರಿ ಧಾರೆ ಎರೆದು ಆದ ಸಂಬಂಧವನ್ನೂ ಕಾನೂನಿನ ಕಣ್ಣಿಗೆ ಮದುವೆಯಲ್ಲ ಎಂದು ತೀರ್ಪು ಕೊಟ್ಟಿತು. ಅಳಿಯಸಂತಾನ, ಅದರಂಥದೇ ಮಲಯಾಳಿ ಪದ್ಧತಿಯಾದ ಮರುಮಕ್ಕತ್ತಾಯಂ ಕಟ್ಟಿನವರು ಬೇಕಿದ್ದರೆ ನೋಂದಣಿ ಮಾಡಿಸಿಕೊಳ್ಳಲಿ ಎಂದು 1896ರಲ್ಲಿ ಮಲಬಾರ್ ವಿವಾಹ ಕಾಯ್ದೆ ಬಂತು. ಅದನ್ನು ಬಳಸಿಕೊಂಡವರು ತೀರಾ ಕಡಿಮೆ. ತಮಗೆ ಆಗಲೇ ಆಗಿದ್ದ ಮದುವೆಯನ್ನು ಸರ್ಕಾರದ ಮುಂದೆ ಮತ್ತೊಮ್ಮೆ ಯಾಕೆ ಆಗಬೇಕು ಎಂದು ಅವರಿಗೆ ಅನಿಸಿದ್ದರೆ ಆಶ್ಚರ್ಯವಿಲ್ಲ. 1949ರ ಅಳಿಯಸಂತಾನ ಕಾಯ್ದೆಯಿಂದಾಚೆಗೆ ಕುಟುಂಬಗಳು ಪಾಲಾದಾಗ ಹುಟ್ಟಿದ ಪಾಲುಪಟ್ಟಿಗಳಲ್ಲಿ, ದಾವೆಗಳಿಗೆ ಲಗತ್ತಿಸಿದ ಕವಲುಗಳ ನಕ್ಷೆಗಳಲ್ಲಿ, ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಹೋಗುವ ಉದ್ದುದ್ದ ಸಾಲುಗಳಿವೆ. ಕರ್ನಾಟಕದಲ್ಲಿ ಹೆಂಗಸರ ಹೆಸರಿನಲ್ಲೇ ಬೆಳೆದ ವಂಶಾವಳಿ ಬೇಕಿದ್ದರೆ ಅಲ್ಲಿಗೇ ಹೋಗಬೇಕು.

ಕೊಡಗಿನಲ್ಲಿ ಒಕ್ಕದ (ಮನೆತನದ) ಹೆಸರು ತಂದೆಯಿಂದ ಬರುತ್ತದೆ ಎಂದು ನಂಬಿ ಹೊರಟವರು ಮಕ್ಕಪರಿಜೆಯ ಮದುವೆಗೆ ಎಡವುತ್ತಾರೆ. ಒಕ್ಕ ನಿಂತುಹೋಗುವ ಸಂದರ್ಭದಲ್ಲಿ ಹೆಣ್ಣಿನ ಒಕ್ಕಕ್ಕೇ ಮಕ್ಕಳು ಸೇರುವ ಪದ್ಧತಿ ಅದು. ಅಪ್ಪನ ಒಕ್ಕ ಒಂದು, ಮಕ್ಕಳ ಒಕ್ಕ ಇನ್ನೊಂದು. ದತ್ತಕವೋ ಏನೋ ಎಂದು ಹುಡುಕುತ್ತ ಕೂತರೆ ಏನೂ ಸಿಗುವುದಿಲ್ಲ.

ಕ್ರೈಸ್ತರ ದಾಖಲೆಗಳು ಇದ್ದುದರಲ್ಲಿ ಗಟ್ಟಿ. ಕೆಥೋಲಿಕ ಇಗರ್ಜಿಗಳು ಮದುವೆಯ ಪುಸ್ತಕ ಇಡಬೇಕೆಂಬ ಕಟ್ಟಳೆ ಟ್ರೆಂಟ್ ಸಭೆಯ 1563ರ ತೀರ್ಮಾನದಷ್ಟು ಹಳೆಯದು. ಮಂಗಳೂರು ಕಡೆ 1784ರಲ್ಲಿ ಟಿಪ್ಪುವಿನ ಕಾಲದ ಸೆರೆ, ಇಗರ್ಜಿಗಳ ನಾಶ ಆದ್ದರಿಂದ ಅದಕ್ಕೆ ಹಿಂದಿನ ಪುಸ್ತಕ ಸಿಗುವುದು ಅಪರೂಪ. ಅಲ್ಲಿಂದೀಚಿನದರಲ್ಲಿ, "ರಕ್ತಸಂಬಂಧಕ್ಕೆ ವಿನಾಯಿತಿ ಕೊಟ್ಟಿದೆ" ಎಂಬ ಟಿಪ್ಪಣಿ ಕಂಡರೆ ಕುಣಿದಾಡಬೇಕು, ಗಂಡುಹೆಣ್ಣಿನ ಮುತ್ತಜ್ಜ ಒಬ್ಬನೇ ಇರಬಹುದು ಎಂಬ ಸುಳಿವು ಅದು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದವರು, ಅವರ ಕಾಗದಪತ್ರಗಳು ಸ್ವಿಟ್ಜರ್ಲೆಂಡಿನ ಬಾಸೆಲ್ಲಿನಲ್ಲಿ ಜೋಪಾನವಾಗಿವೆ. ನಮ್ಮ ನಿಘಂಟಿನ ಕಿಟೆಲ್ಲರು ಮೊದಲ ಹೆಂಡತಿ ತೀರಿಕೊಂಡ ಮೇಲೆ ಆಕೆಯ ತಂಗಿಯನ್ನು ಮದುವೆಯಾದರು. ನಮ್ಮ ಹಳ್ಳಿಗಳಲ್ಲಿ ಅದಕ್ಕೆ ಯಾರೂ ಹುಬ್ಬೇರಿಸುತ್ತಿರಲಿಲ್ಲ, ಇಂಗ್ಲೆಂಡಿನಲ್ಲಿ ಮಾತ್ರ 1907ರವರೆಗೂ ಅಂಥ ಮದುವೆಗೆ ಕಾನೂನು ಒಪ್ಪುತ್ತಿರಲಿಲ್ಲ. ಬೆಂಗಳೂರು ದಂಡಿನಲ್ಲಿ ಮದುವೆಯಾದ ಗೋರಾ ಸಿಪಾಯಿಯ ನಮೂದಿನ ಪ್ರತಿ ಮದ್ರಾಸಿನ ಮೂಲಕ ಲಂಡನ್ನಿಗೆ ಹೋಗಿ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅವನ ಮೊಮ್ಮಕ್ಕಳು ಮನೆಯಲ್ಲಿ ಕೂತು ಹುಡುಕುತ್ತಾರೆ. ಅದೇ ವರ್ಷ ನಗರ್ತಪೇಟೆಯಲ್ಲಿ ಮದುವೆಯಾದವರ ಮೊಮ್ಮಕ್ಕಳು ನನ್ನಂಥವನನ್ನು ಹುಡುಕಬೇಕು.

ಮುಸಲ್ಮಾನರ ನಿಕಾಹ್ ಪುಸ್ತಕಗಳು ಖಾಜಿಗಳ ಮನೆಯಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದಿವೆ. ಹಿಜ್ರಿ ತಾರೀಕು, ವರ ವಧುವಿಗೆ ಕೊಡುವ ಮಹರಿನ ಮೊತ್ತ, ವಧುವಿನ ಪರ ನಿಂತ ವಕೀಲ, ಇಬ್ಬರು ಸಾಕ್ಷಿಗಳು, ಎರಡೂ ಕಡೆಯ ತಂದೆಯ ಹೆಸರು ಅವುಗಳಲ್ಲಿ ಸಿಗುತ್ತವೆ. ಮನೆ ಪಾಲಾದಾಗ ಪುಸ್ತಕವೂ ಚೆದುರುತ್ತದೆ. ಉರ್ದು ಕೈಬರಹ ಓದುವ ಹಿರಿಯರಿರುವಾಗಲೇ ಇವುಗಳ ಪ್ರತಿ ತೆಗೆಯಬೇಕು.

1872ರ ವಿಶೇಷ ವಿವಾಹ ಕಾಯ್ದೆಯಡಿ ಆದ ಮದುವೆಗಳ ಬಗ್ಗೆ ಒಂದು ಎಚ್ಚರಿಕೆ. ಬ್ರಹ್ಮಸಮಾಜದವರ ಒತ್ತಾಯದಿಂದ ಬಂದ ಆ ಕಾಯ್ದೆಯಲ್ಲಿ ಗಂಡುಹೆಣ್ಣು ಇಬ್ಬರೂ "ನಾನು ಹಿಂದೂ ಅಲ್ಲ, ಕ್ರೈಸ್ತ ಅಲ್ಲ, ಮುಸಲ್ಮಾನ ಅಲ್ಲ, ಜೈನ ಅಲ್ಲ" ಎಂದು ಸಾಲಾಗಿ ಘೋಷಿಸಬೇಕಿತ್ತು. ಜಾತಿ ಮೀರಿ ಮದುವೆಯಾಗುವವರಿಗೆ ಇದ್ದ ದಾರಿ ಹೆಚ್ಚುಕಡಿಮೆ ಅದೊಂದೇ. 1923ರ ತಿದ್ದುಪಡಿ ಬಂದಮೇಲೆ ಹಿಂದೂ, ಬೌದ್ಧ, ಸಿಖ್, ಜೈನರಿಗೆ ಆ ಪ್ರಮಾಣ ತಪ್ಪಿತು. ಹಾಗಾಗಿ 1915ರ ಕಾಗದದಲ್ಲಿ "ಹಿಂದೂ ಅಲ್ಲ" ಎಂದು ಕಂಡರೆ ಮುತ್ತಾತ ಮತಾಂತರವಾಗಿದ್ದ ಎಂದು ಗಾಬರಿಬೀಳಬೇಡಿ. ಆತ ಪ್ರೀತಿಸಿದವಳನ್ನು ಮದುವೆಯಾಗಲು ಫಾರಂ ತುಂಬಿದ್ದಾನೆ, ಅಷ್ಟೇ.

ಹೆಳವರ ಬಗ್ಗೆ ಹೇಳದಿದ್ದರೆ ತಪ್ಪಾದೀತು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಬಂದು, ಗಂಟೆ ಬಾರಿಸಿ, ಮನೆಯ ಮುಂದೆ ನಿಂತು ಮೂಲ ಊರು, ಬೆಡಗು, ಮೂಲಪುರುಷನಿಂದ ಹಿಡಿದು ನಿನ್ನೆ ಹುಟ್ಟಿದ ಗಂಡುಮಗುವಿನವರೆಗೆ ಓದಿ ಹೇಳುವ ಜನ ಇವರು. ಅವರ ಓದಿನಲ್ಲಿ ಗಂಡುಸಾಲೇ ಉದ್ದ, ನಿಜ. ಆದರೆ ಮನೆತನ ಯಾವ ಊರಿನಿಂದ ಎದ್ದು ಯಾವ ಊರಿಗೆ ಬಂತು ಎಂಬುದು ಅವರಷ್ಟು ಇನ್ಯಾರಿಗೂ ಗೊತ್ತಿಲ್ಲ. ಪತ್ರಾಗಾರದವರು ಆ ಪುಸ್ತಕಗಳ ಚಿತ್ರ ತೆಗೆಯಬೇಕೆಂದು ನನ್ನ ಆಸೆ. ಅವರನ್ನು ಕೇಳಿ, ಅವರಿಗೆ ಸಂಭಾವನೆ ಕೊಟ್ಟು ತೆಗೆಯಿರಿ. ತೆಗೆದದ್ದನ್ನು ಅವರ ಒಪ್ಪಿಗೆಯಿಲ್ಲದೆ ಅಂತರ್ಜಾಲಕ್ಕೆ ಹಾಕಬೇಡಿ. ಅದು ಅವರ ಅನ್ನ.

ಖಾಸಗಿತನದ ಪ್ರಶ್ನೆ ಬರುತ್ತದೆ, ಬರಲೇಬೇಕು. ಬದುಕಿರುವವರ ಮದುವೆಯ ವಿವರ ಬೀದಿಗೆ ಬರುವುದು ನನಗೂ ಬೇಡ. ಜಾತಿ ಬಿಟ್ಟು ಮದುವೆಯಾಗಲು ಬಂದ ಹುಡುಗ ಹುಡುಗಿಯ ನೋಟಿಸು ಮೂವತ್ತು ದಿನ ಗೋಡೆಯ ಮೇಲಿದ್ದು, ಅದರ ಫೋಟೊ ಯಾರ ಯಾರದೋ ಮೊಬೈಲಿಗೆ ಹೋಗಿ, ಮನೆಯವರು ದೊಣ್ಣೆ ಹಿಡಿದು ಬಂದದ್ದನ್ನು ನಾನು ಕೋರ್ಟಿನ ಆವರಣದಲ್ಲೇ ಕಂಡಿದ್ದೇನೆ. ಇವತ್ತಿನ ಜೋಡಿಯ ಹೆಸರು ವಿಳಾಸವನ್ನು ಊರಿಗೆಲ್ಲ ತೋರಿಸುವ ವ್ಯವಸ್ಥೆ, ಸತ್ತು ಮೂವತ್ತು ವರ್ಷವಾದವರ ಪುಸ್ತಕವನ್ನು ಮಾತ್ರ ಗುಟ್ಟು ಎನ್ನುತ್ತದೆ! ಸ್ಕಾಟ್ಲೆಂಡಿನಲ್ಲಿ 75 ವರ್ಷ ದಾಟಿದ ಮದುವೆಯ ನಮೂದನ್ನು ಯಾರು ಬೇಕಾದರೂ ಆನ್‌ಲೈನಿನಲ್ಲಿ ನೋಡಬಹುದು. ನಾವೂ ಅದೇ ಗೆರೆ ಎಳೆಯೋಣ. 75 ವರ್ಷ ದಾಟಿದ್ದು ಎಲ್ಲರಿಗೂ. ಅದಕ್ಕಿಂತ ಈಚಿನದು, ಇಬ್ಬರ ಮರಣ ಪತ್ರ ತೋರಿಸಿದ ಮಕ್ಕಳು ಮೊಮ್ಮಕ್ಕಳಿಗೆ. ಇಬ್ಬರಲ್ಲಿ ಒಬ್ಬರು ಬದುಕಿದ್ದರೂ ಅವರ ಒಪ್ಪಿಗೆ ಬೇಕು. ಕಲಂ 8(4) ಇದಕ್ಕಿಂತ ಉದಾರವಾಗಿದೆ, ಗಮನಿಸಿ. ಕಾನೂನು ಕೊಟ್ಟದ್ದಕ್ಕಿಂತ ಕಡಿಮೆಯನ್ನೇ ನಾನು ಕೇಳುತ್ತಿದ್ದೇನೆ.

ಹೊಸ ಮದುವೆಗಳಿಗೆ ನೀವು ಮಾಡಿರುವುದು ಒಳ್ಳೆಯ ಕೆಲಸ. 2024ರಿಂದ ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲಿ ಮನೆಯಿಂದಲೇ ಹಿಂದೂ ವಿವಾಹ ನೋಂದಣಿಗೆ ಅರ್ಜಿ ಹಾಕಬಹುದು. ತಾಲ್ಲೂಕು ರೆಕಾರ್ಡ್ ರೂಮುಗಳ ಹಳೇ ಭೂದಾಖಲೆಗಳನ್ನು ಭೂ ಸುರಕ್ಷಾ ಯೋಜನೆಯಡಿ ಸ್ಕ್ಯಾನ್ ಮಾಡಿಸುತ್ತಿದ್ದೀರಿ. ಯಂತ್ರ ಬಂದಿದೆ, ಜನ ಬಂದಿದ್ದಾರೆ, ಕಾಗದ ಬಿಡಿಸಿ ಹಾಸುವ ಕೈ ಪಳಗಿದೆ. ಅದೇ ಕೈಗೆ ಪಕ್ಕದ ಉಪನೋಂದಣಾಧಿಕಾರಿ ಕಚೇರಿಯ ವಿವಾಹ ರಿಜಿಸ್ಟರು, 4ನೇ ಪುಸ್ತಕ ಮತ್ತು ಅದರ ಇಂಡೆಕ್ಸುಗಳನ್ನೂ ಕೊಡಿ. ಕಲಂ 8(4) ಮತ್ತು ಕಲಂ 47ರಡಿ ಅರ್ಜಿ ಬಂದರೆ ಏನು ಮಾಡಬೇಕೆಂದು ಒಂದು ಸುತ್ತೋಲೆ ಹೊರಡಿಸಿ. ಗುಮಾಸ್ತರಿಗೆ ಬೇಕಾದ್ದು ಆ ಸುತ್ತೋಲೆಯ ನಂಬರು ಮತ್ತು ತಾರೀಕು, ಮೆಮೊ ಬಂದರೆ ತೋರಿಸುವುದಕ್ಕೆ.

ಕೋರ್ಟಿನ ಕಡತಗಳು ನಿಮ್ಮ ಕೈಯಲ್ಲಿಲ್ಲ, ಹೈಕೋರ್ಟಿನ ಕೈಯಲ್ಲಿವೆ ಎಂಬುದು ನನಗೆ ಗೊತ್ತು. 1917ರ ದಾಖಲೆಗಳ ನಾಶ ಕಾಯ್ದೆಯ ನಿಯಮದಂತೆ ಅವಧಿ ಮುಗಿದ ಕಟ್ಟುಗಳು ಹೋಗಲೇಬೇಕು, ಇಲ್ಲದಿದ್ದರೆ ಕೂರಲು ಜಾಗ ಇರುವುದಿಲ್ಲ. ಆದರೆ ಪಾಲಿನ ದಾವೆಯ ಕಟ್ಟು ಚೂರಾಗುವ ಮುಂಚೆ ಪತ್ರಾಗಾರದಿಂದ ಒಬ್ಬರು ಬಂದು ವಂಶವೃಕ್ಷ, ಲಗ್ನಪತ್ರಿಕೆ, ಸೋಡಪತ್ರಗಳನ್ನು ಆರಿಸಿಕೊಳ್ಳಲು ಬಿಡುವಂತೆ ಪತ್ರಾಗಾರದ ನಿರ್ದೇಶಕರು ಹೈಕೋರ್ಟಿನ ರಿಜಿಸ್ಟ್ರಾರ್ ಜನರಲ್ ಅವರಿಗೆ ಬರೆಯಬಹುದಲ್ಲ. ಈ ಪತ್ರದ ಪ್ರತಿಯನ್ನು ಅವರಿಗೂ ಕಳಿಸುತ್ತಿದ್ದೇನೆ.

ಟ್ರಂಕು ಇರುವವರಿಗೆ ಎರಡು ಮಾತು. ಲಗ್ನಪತ್ರಿಕೆ, ಮುಯ್ಯಿ ಪುಸ್ತಕವನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿದು ಕಟ್ಟಬೇಡಿ, ಒಳಗೆ ಬೆವರುತ್ತದೆ. ಹತ್ತಿ ಬಟ್ಟೆಯಲ್ಲಿ ಸುತ್ತಿ. ಹರಿದಲ್ಲಿ ಸೆಲ್ಲೊ ಟೇಪು ಹಚ್ಚಬೇಡಿ. ಮೊಬೈಲಿನಲ್ಲಿ ಫೋಟೊ ತೆಗೆಯುವಾಗ ಹಿಂಬದಿಯನ್ನೂ ತೆಗೆಯಿರಿ, ಅಂಚೆಯ ಮುದ್ರೆಯಲ್ಲಿ ವರ್ಷ ಇರುತ್ತದೆ. ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ ಇದ್ದರೆ ಆ ಪುಸ್ತಕವನ್ನು ಮುಂದಿಟ್ಟು, ಒಂದೊಂದು ಸಾಲನ್ನೂ ಓದಿ, ಇವರು ಯಾರು ಎಂದು ಕೇಳಿ ಬರೆದುಕೊಳ್ಳಿ.

ಕೊನೆಯ ವಿನಂತಿ. ಸ್ಕ್ಯಾನಿಂಗ್ ಶುರುಮಾಡುವುದಾದರೆ ದಯವಿಟ್ಟು ಕರಾವಳಿ, ಕೊಡಗು, ಮಲೆನಾಡಿನ ಕಚೇರಿಗಳಿಂದ ಶುರುಮಾಡಿ, ಮಾರ್ಚ್ ಏಪ್ರಿಲಿನ ಒಣ ದಿನಗಳಲ್ಲೇ. ಬಯಲುಸೀಮೆಯ ಕಾಗದ ಇನ್ನೊಂದು ವರ್ಷ ಕಾದೀತು, ಅಲ್ಲಿಯದು ಕಾಯುವುದಿಲ್ಲ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ವಕೀಲರ ಗುಮಾಸ್ತ